ಪೈಪ್ ಅಂಗಡಿ ಯೋಗಾನಂದನ ಮರಣ ವೃತ್ತಾಂತ

ಚಂದ್ರಾ ಲೇಔಟಿನಲ್ಲಿ ನಲ್ಲಿ, ಪೈಪು, ವಾಷರು ಮಾರಿಕೊಂಡಿದ್ದ ಯೋಗಾನಂದ ತೀರಿಕೊಂಡ ಸುದ್ದಿ ನಮ್ಮ ಬೀದಿಗೆ ಬಂದದ್ದು ಏಪ್ರಿಲ್ಲಿನ ಒಂದು ಬುಧವಾರ. ಆಮೇಲೆ ಅವನು ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಹಲವರಿಗೆ ಕಾಣಿಸಿಕೊಂಡ. ಕಂಡವರಲ್ಲಿ ಇಬ್ಬರಿಗೆ ಜ್ವರ ಬಂತು, ಒಬ್ಬರು ಮನೆದೇವರಿಗೆ ಹರಕೆ ಹೊತ್ತರು. ನಾನು ಅವನ ಎದುರು ಮನೆಯ ಶಶಿಕುಮಾರ್. ದೂರವಾಣಿ ಇಲಾಖೆಯಲ್ಲಿ ಸರ್ವೀಸು ಮುಗಿಸಿದವನು, ದೆವ್ವ ಪಿಶಾಚಿ ಎಂಬ ಮಾತನ್ನು ಹೊಸಿಲೊಳಗೆ ಬಿಟ್ಟುಕೊಂಡವನಲ್ಲ. ಆದರೆ ನನ್ನ ವಿಚಾರವಾದಕ್ಕೂ ನನ್ನ ಮೊಣಕಾಲಿಗೂ ಅಷ್ಟೇನೂ ಹೊಂದಾಣಿಕೆ ಇಲ್ಲವೆಂಬುದು ಆ ವಾರ ತಿಳಿಯಿತು. ಆ ಮನೆಯೊಳಗೆ ನಡೆದದ್ದನ್ನು ನಾನು ಆಮೇಲೆ ಯೋಗಾನಂದನ ಬಾಯಿಂದಲೇ ಕೇಳಿದ್ದು. ಆಗಿನ ಮಟ್ಟಿಗೆ ನನಗೂ ಅವನು ಸತ್ತವನೇ.

ಇದಕ್ಕೆಲ್ಲ ಮೂಲ ನಮ್ಮ ಹಕ್ಕಿ ಬಳಗ. ವಿಜಯನಗರ, ಚಂದ್ರಾ ಲೇಔಟ್, ನಾಗರಬಾವಿ ಕಡೆಯ ಒಂದಿಷ್ಟು ಜನ ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪು. ವಸಂತ ಬಂತೆಂದರೆ ಚಳಿಗಾಲಕ್ಕೆ ಬಂದ ವಲಸೆ ಹಕ್ಕಿಗಳು ಗಂಟುಮೂಟೆ ಕಟ್ಟುತ್ತವೆ, ಊರ ಹಕ್ಕಿಗಳು ಗೂಡು ಕಟ್ಟುತ್ತವೆ, ನಮ್ಮ ಫೋನುಗಳಿಗೆ ಪುರುಸೊತ್ತಿರುವುದಿಲ್ಲ. 'ಕೆರೆ ಏರಿ, ಬೂದು ಸಿಪಿಲೆ, ಎರಡು.' 'ನಮ್ಮ ಸಂಪಿಗೆ ಮರ, ಹೊನ್ನಕ್ಕಿ, ಒಂದು.' ಬಳಗದ ಯಜಮಾನರು ಪದ್ಮನಾಭ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಕಾನೂನು ಒಂದೇ: ಹಕ್ಕಿ ನೋಡಿದೆ ಎಂದರೆ ಫೋಟೋ ಇರಬೇಕು, ಇಲ್ಲವೇ ಇಬ್ಬರಾದರೂ ನೋಡಿರಬೇಕು. ಒಬ್ಬನೇ ನೋಡಿದ್ದು ಕನಸಿಗೆ ಸಮ.

ಈ ಕಾನೂನಿನಡಿ ಅತಿ ಹೆಚ್ಚು ತಿರಸ್ಕಾರ ಕಂಡವನು ಯೋಗಾನಂದ. ಸಕ್ಕರೆ ಕಾಯಿಲೆಗೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರಿಂದ ಬಳಗ ಸೇರಿದವನು. ಮುಳ್ಳುಗಿಡಕ್ಕೆ ಸಿಕ್ಕಿದ ಬಿಳಿ ಪ್ಲಾಸ್ಟಿಕ್ ಕವರನ್ನು ಬೆಳ್ಳಕ್ಕಿ ಎಂದಿದ್ದ. ಒಮ್ಮೆ ಕೆರೆ ಮಧ್ಯದಲ್ಲಿ ನೀರುಕಾಗೆ ಕತ್ತೆತ್ತಿ ಕೂತಿದೆ ಎಂದು ನಮ್ಮನ್ನೆಲ್ಲ ಅರ್ಧ ಗಂಟೆ ನಿಲ್ಲಿಸಿದ. ಅದು ಅವನ ಅಂಗಡಿಯದೇ ನಾಲ್ಕು ಇಂಚಿನ ಪೈಪು. ಅವನಿಗಿದ್ದದ್ದು ಒಂದೇ ಆಸೆ, ನವರಂಗ. ಮೈತುಂಬ ಬಣ್ಣ ಹೊತ್ತು ತರಗೆಲೆಯ ಮೇಲೆ ಕುಪ್ಪಳಿಸುವ ನಾಚಿಕೆಯ ಹಕ್ಕಿ ಅದು. ಬೇಸಿಗೆಗೆ ಉತ್ತರಕ್ಕೆ ಹೊರಡುವ ಮೊದಲು ಕೆರೆಯ ಬಿದಿರುಮೆಳೆಯಲ್ಲಿ ಒಂದೆರಡು ದಿನ ಇದ್ದು ಹೋಗುತ್ತದೆ. ಅದನ್ನು ತಾನು ಮೊದಲು ನೋಡಬೇಕು, ಪದ್ಮನಾಭರು ಒಪ್ಪಬೇಕು.

ಆ ಬುಧವಾರ ಬೆಳಗ್ಗೆ ಅವನ ಮನೆಯ ಸಿಂಟೆಕ್ಸ್ ಟ್ಯಾಂಕಿನ ಮೇಲೆ ಎರಡು ಹಕ್ಕಿ ರೆಕ್ಕೆ ಬಡಿದಾಡುತ್ತಿದ್ದವು. ಯೋಗಾನಂದ ಫೋಟೋ ತೆಗೆದು 'ಅಪರೂಪದ ಕಪ್ಪು ಹಕ್ಕಿಗಳ ಘೋರ ಜಗಳ' ಎಂದು ಗುಂಪಿಗೆ ಹಾಕಿದ. ಪದ್ಮನಾಭರ ಉತ್ತರ ಬಂತು: 'ಜಗಳವಲ್ಲ. ಊರುಕಾಗೆಗಳ ಮಿಲನ. ವಸಂತದಲ್ಲಿ ಸಹಜ, ಆದರೆ ನೋಡಸಿಗುವುದು ತೀರಾ ಕಡಿಮೆ. ಉತ್ತಮ ದಾಖಲೆ.' ಬಳಗಕ್ಕೆ ಸೇರಿದಾಗಿನಿಂದ ಅವನಿಗೆ ಸಿಕ್ಕ ಮೊದಲ ಶಹಭಾಸ್‌ಗಿರಿ. ಯೋಗಾನಂದ ಫೋನು ಹಿಡಿದು ಮನೆಯೆಲ್ಲ ಸುತ್ತಿದ. ಹೆಂಡತಿ ಚಂದ್ರಕಲಾಗೆ ತೋರಿಸಿದ. ಕುರುಬರಹಳ್ಳಿಯಿಂದ ನಾಲ್ಕು ದಿನ ಇದ್ದುಹೋಗಲು ಬಂದಿದ್ದ ಸೋದರತ್ತೆ ಹನುಮಕ್ಕನಿಗೂ ತೋರಿಸಿದ. ಎಡವಟ್ಟಾದದ್ದು ಅಲ್ಲಿ.

"ಏನೋ ಇದು?"

"ಕಾಗೆ ಅತ್ತೆ. ಜೋಡಿ. ಉತ್ತಮ ದಾಖಲೆ ಅಂದ್ರು ಪದ್ಮನಾಭ ಸಾರ್."

"ಕಣ್ಣಾರೆ ನೋಡ್ದಾ?"

"ನೋಡ್ದೆ ಫೋಟೋ ಹೆಂಗ್ ಬರುತ್ತೆ?"

ಹನುಮಕ್ಕ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಅವರು ಮಾತಾಡಿದರೆ ಮೂರನೇ ಮನೆಗೆ ಕೇಳುತ್ತದೆ. ಅಂಥವರು ಅವತ್ತು ಪಿಸುಗುಟ್ಟಿದರು. "ಕಾಗೆ ಕೂಡೋದ್ ನೋಡ್ದೋರು ಉಳಿಯಲ್ಲ ಕಣೋ."

ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು.

ನಮ್ಮ ಕಡೆ ಇದಕ್ಕೆ ಹಿಂದಿನಿಂದ ಒಂದು ಪರಿಹಾರ ಇದೆ. ನೋಡಿದವನು ಸತ್ತನೆಂದು ಯಾರಾದರೂ ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಅದನ್ನು ನಂಬಿ ಅಳಬೇಕು. ಕಣ್ಣೀರು ಬಿದ್ದ ಕೂಡಲೇ 'ಇಲ್ಲ, ಇದ್ದಾನೆ' ಎಂದು ಹೇಳಿಬಿಡಬೇಕು. ಸಾವು ಬಂದು ನೋಡಿ, ಈತನಿಗಾಗಿ ಆಗಲೇ ಅತ್ತಾಗಿದೆ, ಇಲ್ಲಿ ನಮ್ಮ ಕೆಲಸ ಮುಗಿದಿದೆ ಎಂದು ವಾಪಸು ಹೋಗುತ್ತದಂತೆ. ಸರ್ಕಾರಿ ಕಚೇರಿಗಳ ರೀತಿನೀತಿ ಬಲ್ಲವರಾರೋ ಹಾಕಿಕೊಟ್ಟ ಪದ್ಧತಿ ಇರಬೇಕು.

"ಭಾನುವಾರ ಅಮಾಸೆ. ಅಷ್ಟ್ರೊಳಗೆ ಒಂದ್ ಹನಿಯಾದ್ರೂ ಬೀಳ್ಬೇಕು," ಎಂದರು ಹನುಮಕ್ಕ. "ಬೀಳೋಕ್ ಮುಂಚೆ ಬದುಕಿದೀನಿ ಅಂತ ಬಾಯ್ಬಿಟ್ಯೋ, ಹೇಳಿದ್ ಸುಳ್ಳು ನಿಜ ಆಗೋಗುತ್ತೆ."

"ಗ್ರೂಪಲ್ಲಿ ಫೋಟೋ ನೋಡ್ದೋರ ಗತಿ ಏನತ್ತೆ?"

"ಅವ್ರಿಗೆ ನೆಗಡಿ ಗಿಗಡಿ ಬರ್ಬೋದು. ನಿನ್ ಕಥೆ ನೋಡ್ಕೊ."

"ನಂಗೆ ಇದ್ರಲ್ಲೆಲ್ಲ ನಂಬ್ಕೆ ಇಲ್ಲ," ಎಂದ ಯೋಗಾನಂದ. ಕೈ ಬೆವರಿತ್ತು. "ಆದ್ರೂ ರಿಸ್ಕ್ ಯಾಕೆ."

ಅಳುವ ಪೈಕಿ ಯಾರೆಂದು ಮೂವರೂ ಕೂತು ಯೋಚಿಸಿದರು. ಧಾರಾವಾಹಿ ನೋಡಿಯೂ ಮೂಗು ಸೀಟುವ ಬಿನ್ನಿಪೇಟೆಯ ಲಿಂಗಪ್ಪನೇ ಸರಿ ಎಂದಾಯಿತು. ಲಿಂಗಪ್ಪ ಯೋಗಾನಂದನ ಚಿಕ್ಕಪ್ಪನ ಮಗ. ಚಂದ್ರಕಲಾ ಒಲ್ಲೆ ಒಲ್ಲೆ ಎನ್ನುತ್ತಲೇ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. 'ನಿಮ್ಮಣ್ಣ ಹೋಗ್ಬಿಟ್ರು' ಎಂಬ ಮಾತು ಬಾಯಿಂದ ಬರುವಾಗ ಅವಳು ಎದುರಿಗೆ ಕೂತ ಗಂಡನನ್ನು ನೋಡದೆ ಗೋಡೆ ನೋಡಿದಳು.

ಮೂವರೂ ಫೋನಿನ ಮೇಲೆ ಬಗ್ಗಿದರು.

"ಅತ್ತಿಗೆ, ಧೈರ್ಯ ತಗೊಳಿ," ಎಂದ ಲಿಂಗಪ್ಪ ಗಟ್ಟಿ ದನಿಯಲ್ಲಿ. "ಬಾಡಿ ಎಲ್ಲಿದೆ? ಎಷ್ಟೊತ್ತಿಗೆ ಎತ್ತೋದು? ಗಾಡಿಗೆ ನಾನ್ ಹೇಳ್ತೀನಿ. ಹೂವಿನೋನು ನಮ್ ಹುಡುಗ್ನೇ."

ಚಂದ್ರಕಲಾ ಗಾಬರಿಯಾದಳು. ದೇಹ ಅವಳ ಎದುರಿಗೆ ಉಗುರು ಕಚ್ಚುತ್ತಾ ಕೂತಿತ್ತು. "ಅದು... ನಿನ್ನೆ ಮಧ್ಯಾಹ್ನಾನೇ... ಊರಲ್ಲೇ ಎಲ್ಲಾ ಮುಗ್ದೋಯ್ತು."

"ನಿನ್ನೇನಾ? ಊರಲ್ಲಾ? ನನಗ್ ಹೇಳ್ದೆ? ಒಡಹುಟ್ಟಿದೋನ್ ಥರ ಇದ್ದೆ ಅತ್ತಿಗೆ! ಇರ್ಲಿ ಬಿಡಿ!"

ಫೋನು ಕಟ್ಟಾಯಿತು. ಕೋಪ ಬಂದವನಿಗೆ ಅಳು ಬರುವುದಿಲ್ಲ. ಕೋಪ ಬಂದವನು ನೂರು ಜನಕ್ಕೆ ಹೇಳುತ್ತಾನೆ. ಸಂಜೆಯ ಹೊತ್ತಿಗೆ ಯೋಗಾನಂದನ ಅಂಗಡಿಯ ಎದುರಿನ ಕಂಬಕ್ಕೆ ಆಳೆತ್ತರದ ಫ್ಲೆಕ್ಸ್ ಬಂತು. 'ಮತ್ತೆ ಹುಟ್ಟಿ ಬಾ ಅಣ್ಣ.' ಲಿಂಗಪ್ಪನಿಗೆ ಸಿಕ್ಕ ಫೋಟೋದಲ್ಲಿ ಯೋಗಾನಂದ ಕಣ್ಣಿಗೆ ಬೈನಾಕ್ಯುಲರ್ ಏರಿಸಿಕೊಂಡಿದ್ದ. ಮುಖ ಕಾಣುತ್ತಿರಲಿಲ್ಲ, ಎರಡು ಕಪ್ಪು ಗಾಜಿನ ಗುಂಡಿಗಳಷ್ಟೇ. ಮೂಡಲಪಾಳ್ಯದ ಕಡೆಯಿಂದ ಬಂದರೂ ಅವು ನಿಮ್ಮನ್ನೇ ನೋಡುತ್ತಿದ್ದವು, ವಿಜಯನಗರದ ಕಡೆಯಿಂದ ಬಂದರೂ ನಿಮ್ಮನ್ನೇ ನೋಡುತ್ತಿದ್ದವು. ಜನ ಆ ಕಂಬ ಬಂದಾಗ ರಸ್ತೆ ದಾಟತೊಡಗಿದರು.

ಇನ್ನು ನಮ್ಮ ಬೀದಿಯ ಕಥೆ. ಸುದ್ದಿ ಕೇಳಿ ಮೊದಲು ಓಡಿದವರು ಪಕ್ಕದ ಮನೆಯ ಅಣ್ಣಮ್ಮ. ಹಿಂದೆಯೇ ನಾನೂ ಹೋದೆ. ಚಂದ್ರಕಲಾ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.

"ಯಾವಾಗ್ ಆಯ್ತಮ್ಮ?" ಎಂದರು ಅಣ್ಣಮ್ಮ.

"ನಿನ್ನೆ ಮಧ್ಯಾಹ್ನ. ಊರಲ್ಲಿ."

ಅಣ್ಣಮ್ಮನ ಬಾಯಿ ತೆರೆದದ್ದು ಮುಚ್ಚಲಿಲ್ಲ. "ನಿನ್ನೆ ಸಾಯಂಕಾಲ ನಾನು ಅಂಗಡಿಗೆ ಹೋಗಿದ್ನಲ್ಲಮ್ಮ. ಕೊಟ್ರಲ್ಲ, ನಲ್ಲಿ ವಾಷರ್."

ಚಂದ್ರಕಲಾ ಸುಮ್ಮನಿದ್ದಳು. ಮಾತು ಬೆಳೆದರೆ ಗುಟ್ಟು ರಟ್ಟಾಗುತ್ತದೆಂಬ ಹೆದರಿಕೆ ಅವಳದು. ಅವಳ ಮೌನ ನಮ್ಮ ಮೈಮೇಲೆ ಮುಳ್ಳೆಬ್ಬಿಸಿತು.

"ನಗ್ತಾ ಇದ್ರು," ಎಂದರು ಅಣ್ಣಮ್ಮ ನನ್ನ ಕಡೆ ತಿರುಗಿ. "ಕೈ ತಣ್ಣಗಿತ್ತು ಸಾರ್. ಈಗ ಹೊಳೀತಿದೆ ನಂಗೆ. ತುಂಬಾ ತಣ್ಣಗಿತ್ತು." ಮನೆಗೆ ಹೋದವರೇ ಆ ವಾಷರನ್ನು ಬಿಚ್ಚಿಸಿ, ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಮೂರು ದಾರಿ ಕೂಡುವಲ್ಲಿ ಬಿಸಾಕಿಸಿದರು. ಅವರ ಬಚ್ಚಲಿನ ನಲ್ಲಿ ಆ ವಾರವಿಡೀ ತೊಟ್ಟಿಕ್ಕಿತು. ಸದ್ದು ನಮ್ಮ ಮನೆಗೂ ಕೇಳುತ್ತಿತ್ತು.

ಸತ್ತವನು ತಾರಸಿಯ ಮೇಲಿನ ಹಳೆ ಪೈಪುಗಳ ಕೋಣೆಯಲ್ಲಿ ಅಡಗಿದ್ದ. ಕಿಟಕಿಗೆ ಕಿವಿ ಹಚ್ಚಿ ಕೆಳಗಿನ ಮಾತು ಕೇಳುತ್ತಿದ್ದ. ಬಂದವರೆಲ್ಲ 'ಪುಣ್ಯಾತ್ಮ, ನರಳ್ದೆ ಹೋದ' ಎಂದರು. ಆಮೇಲೆ ಅಂಗಡಿ ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದರು. ಆಮೇಲೆ ಈ ಸಲದ ಸೆಖೆಯ ಬಗ್ಗೆ ಮಾತಾಡಿದರು. ಕತ್ತಲಾದಾಗ ಚಂದ್ರಕಲಾ ತಟ್ಟೆ ಹಿಡಿದು ಮೇಲೆ ಬಂದಳು.

"ಯಾರಾದ್ರೂ ಅತ್ರೇನೇ?"

"ಅಣ್ಣಮ್ಮ ಸೆರಗು ಕಣ್ಣಿಗೆ ಒತ್ಕೊಂಡ್ರು."

"ಒದ್ದೆ ಆಯ್ತಾ?"

"ಇಲ್ಲ."

"ಎದುರುಮನೆ ಶಶಿ ಸಾರ್?"

"ಅವ್ರು ಫ್ಯಾನ್ ಕೆಳಗೆ ಕೂತಿದ್ರು."

ಇದಕ್ಕೆ ನನ್ನ ಸಮಜಾಯಿಷಿ ಉಂಟು. ನನಗೆ ಕಣ್ಣಿನ ಪೊರೆ ತೆಗೆದು ತಿಂಗಳಾಗಿರಲಿಲ್ಲ, ಕಣ್ಣು ಒದ್ದೆ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು.

ಸೂತಕದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಬೀದಿಯವರು ಕಳಿಸಿದ ಊಟದಲ್ಲೇ ಗಂಡನ ಪಾಲನ್ನೂ ಎತ್ತಿಡಬೇಕು. ಗುರುವಾರ ಮಧ್ಯಾಹ್ನ ಚಂದ್ರಕಲಾ ಚಿತ್ರಾನ್ನದ ತಟ್ಟೆಯನ್ನು ಕೋಣೆಯ ಬಾಗಿಲಲ್ಲಿಟ್ಟು ಕೆಳಗೆ ಓಡಿದಳು. ಯೋಗಾನಂದ ಬಾಗಿಲು ತೆರೆಯುವಷ್ಟರಲ್ಲಿ ಎರಡು ಕಾಗೆ ಬಂದು ತಟ್ಟೆಯಲ್ಲಿ ಕೂತವು. ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದ ಅಣ್ಣಮ್ಮ ಅದನ್ನು ನೋಡಿ ಕೈ ಮುಗಿದರು. "ಎಡೆ ಇಟ್ಟಿದ್ದೇ ತಡ, ಮುಟ್ಟೇ ಬಿಡ್ತು. ಆತ್ಮ ಇಲ್ಲೇ ಇದೆ," ಎಂದು ಕೆಳಗೆ ಬಂದು ನನಗೆ ಹೇಳಿದರು. ಕದ ಒಂದಿಷ್ಟು ತೆರೆದು ಮತ್ತೆ ತಾನಾಗಿ ಮುಚ್ಚಿಕೊಂಡಿತಂತೆ. ಒಳಗೆ ಯೋಗಾನಂದ ಹಸಿದು ಕೂತು, ತನ್ನ ಅನ್ನವನ್ನು ಕಾಗೆಗಳು ನಿಧಾನವಾಗಿ, ಹಕ್ಕಿನಿಂದ ಎಂಬಂತೆ ತಿನ್ನುವುದನ್ನು ನೋಡುತ್ತಿದ್ದ.

ಹಕ್ಕಿ ಬಳಗದಲ್ಲಿ ಪದ್ಮನಾಭರು ಬರೆದರು: 'ಯೋಗಾನಂದರಿಗೆ ಶ್ರದ್ಧಾಂಜಲಿ. ಕಾಗೆಗಳ ಚಿತ್ರ ಅವರ ಕೊನೆಯ ದಾಖಲೆ. ಭಾನುವಾರದ ನಡಿಗೆ ಅವರ ಸ್ಮರಣೆಗೆ. ಟೋಪಿ, ನೀರು ತನ್ನಿ.' ಮೂವತ್ತು ಕೈಮುಗಿದ ಚಿತ್ರ ಬಂದವು, ಅತ್ತದ್ದು ಎರಡು ಹಳದಿ ಮುಖ. ಅವು ಲೆಕ್ಕಕ್ಕಿಲ್ಲ ಎಂದರು ಹನುಮಕ್ಕ. ಆಮೇಲೆ ರಾಗಿಣಿ ಎಂಬ ಹುಡುಗಿ ಬರೆದಳು. ಅವಳು ನಾಗರಬಾವಿಯ ಶಾಲೆಯೊಂದರಲ್ಲಿ ಟೀಚರು, ಬಳಗದಲ್ಲೇ ಚುರುಕಾದ ಕಣ್ಣು. 'ಬಿದಿರುಮೆಳೆಯಲ್ಲಿ ನವರಂಗದ ಕೂಗು ಕೇಳಿದೆ. ಹಕ್ಕಿ ಕಾಣಲಿಲ್ಲ.' ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು: 'ಸರ್, ಒಂದು ವಿಷಯ. ನನ್ನ ಮೆಸೇಜ್ ಯಾರು ಯಾರು ಓದಿದ್ದಾರೆ ಅಂತ ನೋಡ್ತಾ ಇದ್ದೆ. ಯೋಗಾನಂದ ಸರ್ ಓದಿದ್ದಾರೆ. ಈಗ ತಾನೇ.'



ಹಕ್ಕಿಯ ಸುದ್ದಿ ಕೇಳಿದ ಮೇಲೆ ಯೋಗಾನಂದನಿಗೆ ಕೂತಲ್ಲಿ ಕೂರಲಾಗಲಿಲ್ಲ. ಸಾಯುವುದೇ ಹಣೆಯಲ್ಲಿದ್ದರೆ ನವರಂಗ ನೋಡಿಯಾದರೂ ಸಾಯೋಣವೆಂದುಕೊಂಡ. ಶುಕ್ರವಾರ ಇನ್ನೂ ಬೆಳಕು ಹರಿಯುವ ಮುಂಚೆ ಚಂದ್ರಕಲಾಳ ಬೂದು ಶಾಲನ್ನು ತಲೆತುಂಬ ಹೊದ್ದು ಹೊರಬಿದ್ದ. ದಿನಾ ಅವನನ್ನು ಕಂಡರೆ ಬೊಗಳುತ್ತಿದ್ದ ಬೀದಿನಾಯಿ ಅವತ್ತು ತಲೆಯೆತ್ತಿ ನೋಡಿ, ಬಾಲ ಮುದುರಿ ಮೋರಿಯತ್ತ ಸರಿಯಿತು. ಯಾರು ಹಾದುಹೋದರೂ ತಾನಾಗಿ ಹೊತ್ತಿಕೊಳ್ಳುವ ನಮ್ಮ ಗೇಟಿನ ದೀಪ ಅವನು ಹಾದಾಗ ಹೊತ್ತಲಿಲ್ಲ. ಕೈ ಅಡ್ಡ ಹಿಡಿದರೂ ಆಟೋದವನು ಅವನನ್ನು ದಾಟಿಕೊಂಡು ದೂರ ನೋಡುತ್ತಾ ಹೊರಟುಹೋದ. ಯೋಗಾನಂದ ನಡು ರಸ್ತೆಯಲ್ಲಿ ನಿಂತ. ಅವನಿಗೆ ಮೊದಲ ಸಲ ತನ್ನ ಮೇಲೆ ಅನುಮಾನ ಬಂತು. ಕೆನ್ನೆಗೆ ಹೊಡೆದುಕೊಂಡ. ನೋವಾಯಿತು. ಆದರೆ ಸತ್ತವರಿಗೆ ನೋವಾಗುವುದಿಲ್ಲವೆಂದು ಯಾರು ಬಂದು ಹೇಳಿದ್ದಾರೆ?

ಅವತ್ತೇ ಬೆಳಗ್ಗೆ ರಾಗಿಣಿ ಬರೆದಳು: 'ಕೆರೆ ಏರಿ. ಯೋಗಾನಂದ ಸರ್. ಒಬ್ಬರೇ.'

ಪದ್ಮನಾಭರ ಉತ್ತರ: 'ಒಬ್ಬರ ನೋಟ ದಾಖಲೆಯಾಗುವುದಿಲ್ಲ. ಫೋಟೋ?'

ಶನಿವಾರ ಸಿದ್ದಲಿಂಗೇಶ್ ಎಂಬ ಇನ್ನೊಬ್ಬ ಸದಸ್ಯ ಫೋಟೋ ಹಾಕಿದ. ತರಗೆಲೆ ಸುಟ್ಟ ಹೊಗೆಯ ನಡುವೆ, ಹೊಂಗೆಮರದ ಬುಡದಲ್ಲಿ, ಬೂದುಬಣ್ಣದ್ದೊಂದು ಆಕಾರ ಕುಕ್ಕರಗಾಲಲ್ಲಿ ಕೂತು ನೆಲವನ್ನೇ ನೋಡುತ್ತಿತ್ತು. 'ಎಲೆ ಕೆದಕ್ತಾ ಇದ್ರು ಸರ್. ನಾನು ಕರೆದಾಗ ಸದ್ದಿಲ್ಲದೆ ಪೊದೆಯೊಳಗೆ ಹೋದರು.' ಗುಂಪಿನಲ್ಲಿ ಚರ್ಚೆ ಎದ್ದಿತು. ಬೆಳಗ್ಗೆ ಮಾತ್ರ ಕಾಣುತ್ತಾರಾ, ಸಂಜೆಯೂ ಕಾಣುತ್ತಾರಾ? ಇಲ್ಲೇ ಉಳಿಯುವವರೋ, ಮುಂದೆ ಹೊರಡುವವರೋ? ಪದ್ಮನಾಭರು ಎಲ್ಲರಿಗೂ ಸಮಾಧಾನ ಹೇಳಿದರು: 'ಚಿತ್ರ ಅಸ್ಪಷ್ಟ. ಭಾನುವಾರ ಎಲ್ಲರೂ ಒಟ್ಟಾಗಿ ಪರಿಶೀಲಿಸೋಣ.' ಆದರೆ ಅವರು ಈ ಸಂದೇಶವನ್ನು ಎರಡು ಸಲ ಅಳಿಸಿ ಬರೆದಿದ್ದರು.

ಭಾನುವಾರ ಬೆಳಗಿನ ಮಬ್ಬಿನಲ್ಲಿ ಹನ್ನೆರಡು ಮಂದಿ ಬಿದಿರುಮೆಳೆಯ ಮುಂದೆ ಸೇರಿದೆವು. ಗಾಳಿ ಇರಲಿಲ್ಲ. ಆದರೂ ಒಳಗೆಲ್ಲೋ ಬಿದಿರು ಕಿರ್ರೆನ್ನುತ್ತಿತ್ತು. ಪದ್ಮನಾಭರು ಟೋಪಿ ತೆಗೆದರು. "ಯೋಗಾನಂದ ಅವರು ನೋಡಿದ ಹಕ್ಕಿಗಳನ್ನ ಬೇರೆ ಯಾರೂ ನೋಡಿಲ್ಲ," ಎಂದರು. ಅದಕ್ಕಿಂತ ನಿಜವಾದ ಮಾತನ್ನು ಯಾರೂ ಆಡಿರಲಿಕ್ಕಿಲ್ಲ. ಆಮೇಲೆ ಮೌನಾಚರಣೆ.

ಮೌನದ ನಡುವೆ ಮೆಳೆಯೊಳಗಿಂದ ಎರಡೇ ಸ್ವರದ ಒಂದು ಸಿಳ್ಳೆ ಬಂತು. ಎಲ್ಲರ ಕಣ್ಣೂ ತೆರೆಯಿತು.

"ನವರಂಗ," ಎಂದಳು ರಾಗಿಣಿ ಉಸಿರಲ್ಲಿ.

ಶೋಕಾಚರಣೆ ಅಲ್ಲಿಗೆ ಮುಗಿಯಿತು. ಹನ್ನೆರಡು ಬೈನಾಕ್ಯುಲರ್ ಒಟ್ಟಿಗೆ ಮೇಲೆದ್ದವು. ತರಗೆಲೆಯ ಮೇಲೆ ಅದು ಕುಪ್ಪಳಿಸುತ್ತಿತ್ತು: ಹಸಿರು ಬೆನ್ನು, ಕೆಂಪು ಹೊಟ್ಟೆ, ಕಣ್ಣಿಗೆ ಕಪ್ಪು ಪಟ್ಟಿ. ಒಂದು ಕುಪ್ಪಳ, ಇನ್ನೊಂದು ಕುಪ್ಪಳ. ನಾವು ಗಾಜಿನಲ್ಲಿ ಅದನ್ನೇ ಹಿಂಬಾಲಿಸಿದೆವು. ಮೂರನೆಯದಕ್ಕೆ ಅದು ಎರಡು ಬರಿಗಾಲಿನ ನಡುವೆ ನಿಂತಿತು.

ಹನ್ನೆರಡು ಬೈನಾಕ್ಯುಲರ್ ನಿಧಾನವಾಗಿ ಮೇಲಕ್ಕೆ ಸರಿದವು. ಪಂಚೆ. ಬೂದು ಶಾಲು. ಮುಖ. ಗಾಜಿನಲ್ಲಿ ಅದು ಕೈಗೆ ಎಟುಕುವಷ್ಟು ಹತ್ತಿರವಿತ್ತು. ನಾಲ್ಕು ದಿನದ ಗಡ್ಡ, ಗುಳಿಬಿದ್ದ ಕಣ್ಣು. ಅದು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿತ್ತು, ಏನನ್ನೋ ಬೇಡುವಂತೆ.

ಪದ್ಮನಾಭರು ಬೈನಾಕ್ಯುಲರ್ ಇಳಿಸಲಿಲ್ಲ. "ಎಲ್ರೂ ನೋಡಿದ್ರಾ?" ಎಂದರು.

"ನೋಡಿದ್ವಿ ಸಾರ್."

"ಹಾಗಾದ್ರೆ ಓಡಿ."

ಪ್ರಾಣಿಶಾಸ್ತ್ರದ ಮೇಷ್ಟರು ಆ ವಯಸ್ಸಿನಲ್ಲಿ ಹಾಗೆ ಓಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಕ್ಷಣದಲ್ಲಿ ಏರಿಯ ಮೇಲೆ ಚಪ್ಪಲಿಗಳು, ನೀರಿನ ಬಾಟಲಿಗಳು ಮತ್ತು ನಾನು ಮಾತ್ರ ಉಳಿದೆವು. ನಾನು ಧೈರ್ಯಕ್ಕೆ ನಿಂತವನಲ್ಲ, ಕೂತವನು. ಮೊಣಕಾಲು ಮಾತು ಕೇಳಲಿಲ್ಲ. ಅದು ಮೆಳೆಯಿಂದ ಹೊರಬಂದು ನನ್ನ ಕಡೆಗೇ ನಡೆಯಿತು. ನನ್ನ ಮುಂಗೈ ಹಿಡಿಯಿತು. ಅಣ್ಣಮ್ಮ ಹೇಳಿದ್ದು ಸರಿ, ಕೈ ತಣ್ಣಗಿತ್ತು.

"ಶಶಿ ಸಾರ್, ನೀವೊಬ್ರೇ ನನಗೋಸ್ಕರ ನಿಂತಿದ್ದು. ಅಳ್ತಾ ಇದೀರಾ?"

"ಇಲ್ಲಪ್ಪಾ," ಎಂದೆ, ಹಲ್ಲು ಕಟಕಟ ಅನ್ನುತ್ತಿತ್ತು. "ಹೆದ್ರಿಕೆ."

ಅವನ ಮುಖ ಇಳಿದುಹೋಯಿತು. ನನ್ನನ್ನು ಎತ್ತಿ ನಿಲ್ಲಿಸಿ, ಮನೆಯವರೆಗೂ ಕೈ ಹಿಡಿದು ನಡೆಸುತ್ತಾ, ಆ ಸುಳ್ಳು ನಿಜವಾದರೆ ಆಗಲಿ ಎಂದು ಎಲ್ಲವನ್ನೂ ಹೇಳಿದ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಎರಡನ್ನೂ ತೋರಿಸಲಾಗಲಿಲ್ಲ, ಏಕೆಂದರೆ ಅವನು ನಗುತ್ತಿರಲಿಲ್ಲ.

"ಇವತ್ತು ಅಮಾಸೆ ಸಾರ್. ನೆಂಟ್ರು, ಬೀದಿಯೋರು, ಗ್ರೂಪಿನೋರು, ಯಾರೂ ಅಳ್ಲಿಲ್ಲ. ಐವತ್ತು ವರ್ಷ ಇದ್ದಿದ್ದೆ ಇಲ್ಲಿ."

"ಹೋಗ್ಲಿ ಬಿಡಪ್ಪ, ಹಕ್ಕಿ ನೋಡಿದ್ಯಲ್ಲ," ಎಂದೆ.

"ಯಾವ್ ಹಕ್ಕಿ?"

ಅದು ಅವನ ಕಾಲಡಿಯಲ್ಲೇ ಇತ್ತು. ಅವನು ನಮ್ಮ ಕಣ್ಣುಗಳನ್ನು ನೋಡುತ್ತಿದ್ದ.

ಮನೆಯ ಬಾಗಿಲು ಹಾರುಹೊಡೆದಿತ್ತು. ತಾರಸಿಗೆ ಹೋಗುವ ಮೆಟ್ಟಿಲ ಕೆಳಗೆ ಕಾಫಿ ಚೆಲ್ಲಿ ಲೋಟ ಉರುಳಿತ್ತು. ಅದರ ಪಕ್ಕದಲ್ಲೇ ಚಂದ್ರಕಲಾ ನೆಲದ ಮೇಲೆ ಕೂತಿದ್ದಳು, ಕೂದಲು ಬಿಚ್ಚಿಹೋಗಿತ್ತು. ಹಿಂದಿನ ಎರಡು ದಿನ ಅವಳು ಏಳುವ ಮುಂಚೆ ಯೋಗಾನಂದ ವಾಪಸಾಗಿದ್ದ. ಅವತ್ತು ಸ್ಮರಣೆಯ ಭಾಷಣ ಕೇಳಲು ನಿಂತು ತಡವಾಗಿತ್ತು.

ಅವಳು ತಲೆಯೆತ್ತಿ ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದಳು. ಹತ್ತಿರ ಬರಲಿಲ್ಲ.

"ನೀವೇನಾ?" ಎಂದಳು.

ಯೋಗಾನಂದ ತನ್ನ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. "ಅನ್ಸುತ್ತೆ ಕಣೇ," ಎಂದ.

"ಬಂದೋರಿಗೆಲ್ಲ ಹೋಗ್ಬಿಟ್ರು, ಹೋಗ್ಬಿಟ್ರು ಅಂತ ಹೇಳಿ ಹೇಳಿ... ಮೇಲ್ ಹೋಗ್ ನೋಡಿದ್ರೆ ಹಾಸ್ಗೆ ತಣ್ಣಗಿತ್ತು. ಕೂಗ್ದೆ, ಮಾತಿಲ್ಲ. ಕಾಗೆ ಬೇರೆ ಕೂತಿದ್ವು ದಿಂಬಿನ್ ಮೇಲೆ. ನಿಜ ಅನ್ನಿಸ್ಬಿಡ್ತು ಕಣ್ರೀ. ಬದುಕಿದ್ರಿ ಅನ್ನೋದೇ ನಾನು ಕಟ್ಟಿದ್ ಸುಳ್ಳು ಅನ್ನಿಸ್ತು." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಬಿಕ್ಕಳಿಕೆ ಹತ್ತಿತು. ಗಂಡನ ಶಾಲಿನ ಅಂಚು ಎಟುಕಿದ್ದೇ ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

ಹನುಮಕ್ಕ ಒಳಗಿಂದ ಬಂದರು. ಬಗ್ಗಿ ಚಂದ್ರಕಲಾಳ ಕೆನ್ನೆಯನ್ನು ಹೆಬ್ಬೆರಳಲ್ಲಿ ಒರೆಸಿ, ಬೆರಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಬಿತ್ತು ಕಣೋ," ಎಂದರು ಯೋಗಾನಂದನಿಗೆ. "ಇನ್ನು ಬದುಕ್ಕೋ."

ಆಮೇಲೆ ಸೊಸೆಯ ತಲೆ ಸವರಿದರು. "ಸಾಕು ನಿಲ್ಸಮ್ಮ. ಒಂದ್ ಹನಿ ಸಾಕಾಗಿತ್ತು."

ಚಂದ್ರಕಲಾ ನಿಲ್ಲಿಸಲಿಲ್ಲ.